ಪೊಲೀಸರ ಬುಲೆಟ್ ಪ್ರೂಫ್ ಜಾಕೆಟ್: ಯಾವ ಗುಂಡಿಗೆ, ಎಷ್ಟು ವರ್ಷಕ್ಕೆ?

ಗುಂಡಿನ ಚಕಮಕಿಯಲ್ಲಿ ಪೊಲೀಸರೊಬ್ಬರು ಸತ್ತ ಸುದ್ದಿ ಬಂದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ. ಜಾಕೆಟ್ ಹಾಕಿದ್ದರಾ? ಹಾಕಿದ್ದರೆ, ಅದು ಕಳಪೆಯಾಗಿತ್ತಾ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವೆರಡರ ನಡುವೆ ಇನ್ನೂ ನಾಲ್ಕೈದು ಪ್ರಶ್ನೆಗಳಿವೆ, ಅವನ್ನು ಯಾರೂ ಕೇಳುವುದಿಲ್ಲ. ಆ ಜಾಕೆಟ್ ಯಾವ ಗುಂಡು ತಡೆಯಲು ಮಾಡಿದ್ದು? ಗುಂಡು ಬಿದ್ದಿದ್ದು ಮೈಯ ಯಾವ ಭಾಗಕ್ಕೆ? ಕೊಂಡು ಎಷ್ಟು ವರ್ಷವಾಗಿತ್ತು? ಅಷ್ಟು ವರ್ಷ ಅದು ಎಲ್ಲಿ, ಯಾವ ಸ್ಥಿತಿಯಲ್ಲಿ ಬಿದ್ದಿತ್ತು?

2008ರ ನವೆಂಬರ್ 26ರ ಮುಂಬೈ ದಾಳಿಯನ್ನೇ ತೆಗೆದುಕೊಳ್ಳಿ. ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ ತೀರಿಕೊಂಡ ಮೇಲೆ ಅವರ ಜಾಕೆಟ್ ಕಳಪೆಯಾಗಿತ್ತು ಅನ್ನುವ ಮಾತು ವರ್ಷಗಟ್ಟಲೆ ಓಡಾಡಿತು. ಅವರ ಪತ್ನಿ ಕವಿತಾ ಕರ್ಕರೆ ಮಾಹಿತಿ ಹಕ್ಕಿನಡಿ ಕೇಳಿದಾಗ ಸಿಕ್ಕ ಉತ್ತರ ಏನು ಗೊತ್ತಾ? ಜಾಕೆಟ್ಟೇ ಕಾಣೆಯಾಗಿದೆ ಅಂತ. ಶವಪರೀಕ್ಷೆಯ ಪ್ರಕಾರ ಗುಂಡುಗಳು ಬಿದ್ದಿದ್ದು ಹೆಗಲು ಮತ್ತು ಕುತ್ತಿಗೆಯ ಸುತ್ತ. ಸಾಮಾನ್ಯವಾಗಿ ಜಾಕೆಟ್ ಸರಿಯಾಗಿ ಮುಚ್ಚದ ಜಾಗ ಅದು. ಎದುರಿಗಿದ್ದವರ ಕೈಯಲ್ಲಿ ಇದ್ದದ್ದು ಎಕೆ ಮಾದರಿಯ ರೈಫಲ್. ಹಾಗಾದರೆ ಜಾಕೆಟ್ ಕಳಪೆಯಾಗಿತ್ತಾ, ಇಲ್ಲವಾ? ಪರೀಕ್ಷಿಸಿ ಹೇಳಲು ವಸ್ತುವೇ ಇಲ್ಲದ ಮೇಲೆ ಎರಡು ಕಡೆಯ ವಾದವೂ ಬರೀ ವಾದವಾಗಿಯೇ ಉಳಿಯುತ್ತದೆ, ಅಲ್ವಾ?

ಯಾವ ಜಾಕೆಟ್ಟೂ ಎಲ್ಲ ಗುಂಡನ್ನೂ ತಡೆಯುವುದಿಲ್ಲ. ಇಂಥ ಗುಂಡು, ಇಷ್ಟು ವೇಗ, ಇಷ್ಟು ಏಟು, ಇಷ್ಟು ಜಾಗ. ಜಾಕೆಟ್ ತಯಾರಕರು ಕೊಡುವ ಭರವಸೆ ಇಷ್ಟಕ್ಕೆ ಮಾತ್ರ. 9 ಎಂಎಂ ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ ತೂಗುತ್ತದೆ, ಸೆಕೆಂಡಿಗೆ 360 ಮೀಟರ್ ಆಸುಪಾಸಿನ ವೇಗದಲ್ಲಿ ಬರುತ್ತದೆ. ಅದರ ಶಕ್ತಿ ಸುಮಾರು 500 ಜೂಲ್. ಎಕೆ-47ರ ಗುಂಡಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಆದರೆ ವೇಗ 700 ಮೀಟರ್ ದಾಟುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅಂದರೆ 2000 ಜೂಲ್. ಸಾಲದ್ದಕ್ಕೆ ಆ ಗುಂಡಿನ ಮೂತಿ ಚೂಪು, ಒಳಗೆ ಎಷ್ಟೋ ಸಲ ಉಕ್ಕಿನ ತಿರುಳು. ಪಿಸ್ತೂಲಿಗೆ ಅಂತ ಕೊಂಡ ಜಾಕೆಟ್ ಹಾಕಿಕೊಂಡು ಇದರ ಎದುರು ನಿಂತರೆ, ಆ ಜಾಕೆಟ್ ಎಷ್ಟೇ ಒಳ್ಳೆಯದಿದ್ದರೂ ಗುಂಡು ತೂರಿಹೋಗುತ್ತದೆ. ಅದನ್ನು ಕಳಪೆ ಅನ್ನುವುದು ತಪ್ಪು. ತಪ್ಪು ಜಾಗಕ್ಕೆ ತಪ್ಪು ಜಾಕೆಟ್ ಕಳಿಸಿದವರ ಕಡೆ ನೋಡಬೇಕು.

ಬಟ್ಟೆಯಂತೆ ಬಾಗುವ ಮೆತ್ತನೆಯ ಜಾಕೆಟ್‌ಗಳ ಕಥೆ ಶುರುವಾಗುವುದು ಕೆವ್ಲಾರ್‌ನಿಂದ. 1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಇದರ ದಾರಿ ಕಂಡುಹಿಡಿದರು. ಅಷ್ಟೇ ತೂಕದ ಉಕ್ಕಿಗೆ ಹೋಲಿಸಿದರೆ ಇದು ಐದು ಪಟ್ಟು ಬಲವಾದ ನೂಲು. 1970ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟೀಸ್, ಅಂದರೆ ಎನ್‌ಐಜೆ, ಇದರಿಂದ ಪೊಲೀಸರಿಗೆ ಅಂಗಿಯೊಳಗೆ ಹಾಕಿಕೊಳ್ಳಬಹುದಾದ ಜಾಕೆಟ್ ಮಾಡಿಸಿತು. ಗುಂಡು ಬಡಿದಾಗ ಒಂದರ ಮೇಲೊಂದು ಇರುವ ಹತ್ತಾರು ಪದರದ ನೂಲುಗಳು ಎಳೆಯಲ್ಪಟ್ಟು, ಆ ಏಟನ್ನು ಅಗಲಕ್ಕೆ ಹಂಚುತ್ತವೆ. ಸೀಸದ ಗುಂಡು ಅಣಬೆಯ ಹಾಗೆ ಚಪ್ಪಟೆಯಾಗಿ ನಿಲ್ಲುತ್ತದೆ. ಗುಂಡು ಚಪ್ಪಟೆಯಾಗಬೇಕು ಅನ್ನುವುದೇ ಇಲ್ಲಿ ಮುಖ್ಯ. ಚಪ್ಪಟೆಯಾಗದ ಗಟ್ಟಿ, ಚೂಪು, ವೇಗದ ಗುಂಡು ನೂಲುಗಳನ್ನು ಕತ್ತರಿಸಿಕೊಂಡು ಒಳಗೆ ನುಗ್ಗುತ್ತದೆ.

ಆದ್ದರಿಂದಲೇ ರೈಫಲ್‌ಗೆ ಗಟ್ಟಿ ಪ್ಲೇಟ್ ಬೇಕು. ಅಲ್ಯುಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್‌ನಂಥ ಸೆರಾಮಿಕ್ ಹಲಗೆ ಗುಂಡಿನ ತಿರುಳನ್ನೇ ಒಡೆಯುತ್ತದೆ. ಹಿಂದೆ ಇರುವ ಪಾಲಿಎಥಿಲೀನ್ ಅಥವಾ ಕೆವ್ಲಾರ್ ಪದರ ಚೂರುಗಳನ್ನು ಹಿಡಿಯುತ್ತದೆ. ಕೆಲಸ ಚೆನ್ನಾಗಿ ಆಗುತ್ತದೆ. ಆದರೆ ಮೆತ್ತನೆಯ ಜಾಕೆಟ್ ಎರಡು ಮೂರು ಕಿಲೋ ಇದ್ದರೆ, ಮುಂದೆ ಹಿಂದೆ ಪ್ಲೇಟ್ ಸೇರಿಸಿದ ಮೇಲೆ ಎಂಟು ಹತ್ತು ಕಿಲೋ ಆಗಿಬಿಡುತ್ತದೆ. ಮೇಲಾಗಿ ಪ್ಲೇಟ್ ಮುಚ್ಚುವುದು ಎದೆಯ ನಡುವಿನ ಜಾಗ ಮಾತ್ರ, ಮುಖ್ಯವಾಗಿ ಹೃದಯ ಮತ್ತು ದೊಡ್ಡ ರಕ್ತನಾಳಗಳಿರುವ ಕಡೆ. ಪಕ್ಕೆ, ಕಂಕುಳು, ಹೆಗಲು, ಕಿಬ್ಬೊಟ್ಟೆ ಎಲ್ಲ ಮೆತ್ತನೆಯ ಪದರದ ಪಾಲಿಗೆ, ಇಲ್ಲವೇ ದೇವರ ಪಾಲಿಗೆ.

ಈಗ ಹಂತಗಳ ವಿಷಯ. ಎನ್‌ಐಜೆಯ 2008ರ ಮಾನದಂಡದಲ್ಲಿ 2ಎ, 2, 3ಎ ಅನ್ನುವ ಮೂರು ಹಂತ ಪಿಸ್ತೂಲು ರಿವಾಲ್ವರ್‌ಗಳಿಗೆ, 3 ಮತ್ತು 4 ರೈಫಲ್‌ಗೆ. 3ಎ ಅಂದರೆ .44 ಮ್ಯಾಗ್ನಮ್ ಗುಂಡು ಸೆಕೆಂಡಿಗೆ 436 ಮೀಟರ್ ವೇಗದಲ್ಲಿ ಬಂದರೂ ತಡೆಯಬೇಕು. 3ನೇ ಹಂತದ್ದು 7.62 ಎಂಎಂ ನ್ಯಾಟೋ ಗುಂಡನ್ನು 847 ಮೀಟರ್ ವೇಗದಲ್ಲಿ ತಡೆಯಬೇಕು. 3ಎಗೂ 3ಕ್ಕೂ ಕಾಗದದ ಮೇಲೆ ಒಂದೇ ಅಕ್ಷರದ ವ್ಯತ್ಯಾಸ. ಮೈದಾನದಲ್ಲಿ ಅದು ಪಿಸ್ತೂಲಿಗೂ ರೈಫಲ್‌ಗೂ ಇರುವ ವ್ಯತ್ಯಾಸ. ಎಷ್ಟು ಜನ ಗೊಂದಲ ಮಾಡಿಕೊಂಡರೋ ಏನೋ, 2023ರ ಹೊಸ ಮಾನದಂಡದಲ್ಲಿ ಈ ಹೆಸರುಗಳನ್ನೇ ಕಿತ್ತುಹಾಕಿದರು. ಪಿಸ್ತೂಲಿಗೆ ಎಚ್‌ಜಿ, ರೈಫಲ್‌ಗೆ ಆರ್‌ಎಫ್ ಅಂತ ನೇರವಾಗಿ ಬರೆದರು. ಒಳ್ಳೆಯ ಕೆಲಸ.

ಹಂತ ಹೆಚ್ಚಾದರೆ ಎಲ್ಲದರಲ್ಲೂ ಉತ್ತಮ ಅಂದುಕೊಳ್ಳುವುದೂ ಸರಿಯಲ್ಲ. 4ನೇ ಹಂತದ ಪ್ಲೇಟ್ ಕವಚಭೇದಿ ಗುಂಡನ್ನು ತಡೆಯಬೇಕು, ನಿಜ. ಆದರೆ ಪರೀಕ್ಷೆಯಲ್ಲಿ ಕೇಳುವುದು ಒಂದೇ ಒಂದು ಏಟು. ಅದೇ ಪ್ಲೇಟಿಗೆ ಎರಡನೇ ಗುಂಡು ಅದೇ ಜಾಗದ ಹತ್ತಿರ ಬಿದ್ದರೆ ಏನಾಗುತ್ತದೆ ಅಂತ ಆ ಪ್ರಮಾಣಪತ್ರ ಹೇಳುವುದಿಲ್ಲ. ಹಾಗೆಯೇ ಬರೀ ಪಾಲಿಎಥಿಲೀನ್‌ನಿಂದ ಮಾಡಿದ 3ನೇ ಹಂತದ ಕೆಲವು ಹಗುರ ಪ್ಲೇಟ್‌ಗಳು ದಪ್ಪ 7.62 ಗುಂಡನ್ನು ತಡೆದು, ಅದಕ್ಕಿಂತ ಸಣ್ಣದಾದ, ಉಕ್ಕಿನ ತುದಿ ಇರುವ 5.56 ಎಂಎಂ ಗುಂಡಿಗೆ ಸೋಲುತ್ತವೆ. ಹೊಸ ಮಾನದಂಡದ ಆರ್‌ಎಫ್2 ಹಂತಕ್ಕೆ ಆ ಸಣ್ಣ ಗುಂಡನ್ನು ಸೇರಿಸಿದ್ದು ಇದಕ್ಕಾಗಿಯೇ. ಇನ್ನೊಂದು ಸೂಕ್ಷ್ಮ ಇದೆ, ಖರೀದಿ ಮಾಡುವವರು ಬಹಳ ಸಲ ದಾಟಿಕೊಂಡು ಹೋಗುವಂಥದ್ದು. ಕೆಲವು ಪ್ಲೇಟ್‌ಗಳಿಗೆ ಸಿಕ್ಕಿರುವ ಹಂತ, ಹಿಂದೆ ನಿರ್ದಿಷ್ಟ ಮೆತ್ತನೆಯ ಜಾಕೆಟ್ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಸೆಕೆಯಾಗುತ್ತದೆ ಅಂತ ಒಳಗಿನ ಜಾಕೆಟ್ ಬಿಟ್ಟು ಪ್ಲೇಟ್ ಮಾತ್ರ ಸಿಕ್ಕಿಸಿಕೊಂಡು ಹೋದರೆ ಆ ಹಂತಕ್ಕೆ ಅರ್ಥವೇ ಇಲ್ಲ.

ಭಾರತದಲ್ಲಿ 2018ರವರೆಗೆ ಬುಲೆಟ್ ಪ್ರೂಫ್ ಜಾಕೆಟ್‌ಗೆ ನಮ್ಮದೇ ಅನ್ನುವ ರಾಷ್ಟ್ರೀಯ ಮಾನದಂಡ ಇರಲಿಲ್ಲ. ಆ ವರ್ಷ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಐಎಸ್ 17051 ಅನ್ನುವ ಮಾನದಂಡ ಹೊರತಂದಿತು, ಅದರಲ್ಲಿ ಆರು ಹಂತ. ಇಲ್ಲಿನ ಅಪಾಯ ಬೇರೆ, ಅಮೆರಿಕದ್ದು ಬೇರೆ. ಉಕ್ಕಿನ ತಿರುಳಿನ ಎಕೆ ಗುಂಡು ಇಲ್ಲಿ ದಿನನಿತ್ಯದ ಪ್ರಶ್ನೆ. 2017ರ ಡಿಸೆಂಬರ್ 31ರಂದು ಪುಲ್ವಾಮಾ ಜಿಲ್ಲೆಯ ಲೆತ್‌ಪೋರಾದಲ್ಲಿ ಸಿಆರ್‌ಪಿಎಫ್ ಶಿಬಿರದ ಮೇಲೆ ನಡೆದ ದಾಳಿಯಲ್ಲಿ ಇಂಥ ಗುಂಡುಗಳು ರಕ್ಷಣಾ ಶೀಲ್ಡ್ ತೂರಿದ್ದು ವರದಿಯಾಗಿತ್ತು. ಅಲ್ಲಿಯವರೆಗೆ ಸಾಕು ಅನ್ನಿಸಿದ್ದ ಸಲಕರಣೆ ಒಂದೇ ರಾತ್ರಿಯಲ್ಲಿ ಹಳೆಯದಾಯಿತು. 2024ರಲ್ಲಿ ಡಿಆರ್‌ಡಿಒದ ಕಾನ್ಪುರ ಪ್ರಯೋಗಾಲಯ ಈ ಮಾನದಂಡದ 6ನೇ ಹಂತದ ಗುಂಡನ್ನು ತಡೆಯುವ ಹಗುರ ಜಾಕೆಟ್ ಮಾಡಿದ್ದಾಗಿ ಪ್ರಕಟಿಸಿತು. ಪ್ರಯೋಗಾಲಯದಲ್ಲಿ ಒಂದು ಜಾಕೆಟ್ ಗೆಲ್ಲುವುದು ಒಂದು ಹೆಜ್ಜೆ. ಅದೇ ಗುಣಮಟ್ಟದ ಸಾವಿರಾರು ಜಾಕೆಟ್ ಠಾಣೆಗಳಿಗೆ ತಲುಪುವುದು ಬೇರೆಯದೇ ಕೆಲಸ.

ಗುಂಡು ನಿಂತಿತು ಅಂದ ಮಾತ್ರಕ್ಕೆ ಒಳಗಿನ ಮನುಷ್ಯನಿಗೆ ಏನೂ ಆಗಿಲ್ಲ ಅಂತಲ್ಲ. ಜಾಕೆಟ್ ಒಳಮುಖವಾಗಿ ಉಬ್ಬುತ್ತದೆ. ಆ ಉಬ್ಬು ಪಕ್ಕೆಲುಬು ಮುರಿಯಬಹುದು, ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು. ಪರೀಕ್ಷೆಯಲ್ಲಿ ಜಾಕೆಟ್ ಹಿಂದೆ ಜೇಡಿಯಂಥ ಮಣ್ಣು ಇಟ್ಟು, ಗುಂಡು ಹೊಡೆದು, ಮಣ್ಣಿನಲ್ಲಾದ ಗುಳಿಯ ಆಳ ಅಳೆಯುತ್ತಾರೆ. ಎನ್‌ಐಜೆ ಮಿತಿ 44 ಮಿಲಿಮೀಟರ್. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕಿದರೆ 1970ರ ದಶಕದ ಪ್ರಯೋಗಗಳಿಗೆ ಹೋಗಿ ಮುಟ್ಟುತ್ತೇವೆ. ಅರಿವಳಿಕೆ ಕೊಟ್ಟ ಆಡುಗಳಿಗೆ ಜಾಕೆಟ್ ಹೊದಿಸಿ .38 ಕ್ಯಾಲಿಬರ್ ಗುಂಡು ಹಾರಿಸಿ ತೆಗೆದ ಲೆಕ್ಕ ಅದು. ಆಗಿನ ರಿವಾಲ್ವರ್, ಆಗಿನ ಬಟ್ಟೆ. ಅದೇ ಅಂಕಿ ಇವತ್ತು ರೈಫಲ್ ಪ್ಲೇಟ್‌ಗಳಿಗೂ ನಡೆಯುತ್ತಿದೆ. ಇದಕ್ಕಿಂತ ಬಿಗಿಯಾದ ಮಿತಿ ಇಟ್ಟುಕೊಂಡ ಸಂಸ್ಥೆಗಳೂ ಇವೆ. 44 ಸುಮ್ನೆ ಇಟ್ಟ ಸಂಖ್ಯೆ ಅಂತ ನಾನು ಹೇಳುವುದಿಲ್ಲ, ಅದು ಇಷ್ಟು ವರ್ಷ ಎಷ್ಟೋ ಜನರನ್ನು ಉಳಿಸಿದೆ. ಆದರೆ 43 ಬಂದರೆ ಪಾಸು, 45 ಬಂದರೆ ಫೇಲು ಅನ್ನುವ ಲೆಕ್ಕವನ್ನು ಬದುಕು ಸಾವಿನ ಗೆರೆ ಅಂತ ಓದಬಾರದು.

ಗುಣಮಟ್ಟದ ಬಗ್ಗೆ ಮಾತಾಡುವವರೆಲ್ಲ ಒಮ್ಮೆಯಾದರೂ ತಿಳಿಯಬೇಕಾದ ಪ್ರಕರಣ ಝೈಲಾನ್‌ನದ್ದು. ಜಪಾನಿನ ಟೊಯೊಬೊ ಕಂಪನಿ ತಯಾರಿಸುತ್ತಿದ್ದ ಈ ನೂಲು ಕೆವ್ಲಾರ್‌ಗಿಂತ ಬಲವಾದದ್ದು. ಅದರಿಂದ ಮಾಡಿದ ಜಾಕೆಟ್ ತೆಳು, ಹಗುರ. ಪೊಲೀಸರು ಖುಷಿಯಿಂದ ಹಾಕಿಕೊಂಡರು, ಹಾಕಿಕೊಳ್ಳದೆ ಇರಲು ನೆಪವೇ ಇರಲಿಲ್ಲ. ಪ್ರಮಾಣಪತ್ರವೂ ಸರಿಯಾಗಿಯೇ ಇತ್ತು. ಹೊಸ ಜಾಕೆಟ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಆಮೇಲೆ 2003ರ ಜೂನ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಒಬ್ಬ ಅಧಿಕಾರಿಯ ಝೈಲಾನ್ ಜಾಕೆಟ್ಟನ್ನು, ಅದು ತಡೆಯಲೇಬೇಕಿದ್ದ ಪಿಸ್ತೂಲಿನ ಗುಂಡು ತೂರಿ ಅವರಿಗೆ ತೀವ್ರ ಗಾಯವಾಯಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಓಷನ್‌ಸೈಡ್‌ನಲ್ಲಿ ಇಂಥದ್ದೇ ಜಾಕೆಟ್ ಹಾಕಿದ್ದ ಇನ್ನೊಬ್ಬ ಅಧಿಕಾರಿ ಸತ್ತರು. ಜಾಕೆಟ್ ಮಾಡಿದ ಸೆಕೆಂಡ್ ಚಾನ್ಸ್ ಕಂಪನಿ ಅದೇ ಸೆಪ್ಟೆಂಬರ್‌ನಲ್ಲಿ ಮಾಲು ಹಿಂದೆಗೆದುಕೊಂಡಿತು, ಮರುವರ್ಷ ದಿವಾಳಿ ಎದ್ದಿತು.

ಎನ್‌ಐಜೆ ಆಗ ಮಾಡಿದ್ದು ಸರಳ ಕೆಲಸ, ಅದಕ್ಕೂ ಮುಂಚೆಯೇ ಮಾಡಬೇಕಿದ್ದ ಕೆಲಸ. ಪೊಲೀಸರು ಬಳಸುತ್ತಿದ್ದ ಹಳೆಯ ಜಾಕೆಟ್‌ಗಳನ್ನೇ ತರಿಸಿ ಗುಂಡು ಹೊಡೆಸಿತು. 103 ಜಾಕೆಟ್‌ಗಳಲ್ಲಿ 60 ತೂತಾದವು. ತೂತಾಗದ ಬಹುಪಾಲು ಜಾಕೆಟ್‌ಗಳೂ ಮಿತಿ ಮೀರಿ ಒಳಕ್ಕೆ ಉಬ್ಬಿದವು. ಎಲ್ಲ ಅಳತೆಯಲ್ಲೂ ಪಾಸಾದದ್ದು ನಾಲ್ಕೇ ನಾಲ್ಕು. ಬೆವರು ಮತ್ತು ಗಾಳಿಯ ತೇವ, ಶಾಖ, ಬೆಳಕು ಸೇರಿ ನೂಲಿನ ಅಣುಗಳ ಕೊಂಡಿಗಳನ್ನೇ ಕಡಿದುಹಾಕಿದ್ದವು. ಕಣ್ಣಿಗೆ ನೋಡಿದರೆ ಜಾಕೆಟ್ ಚೆನ್ನಾಗಿಯೇ ಕಾಣುತ್ತಿತ್ತು, ಅದೇ ಭಯ ಹುಟ್ಟಿಸುವ ಸಂಗತಿ. 2005ರ ಆಗಸ್ಟ್‌ನಲ್ಲಿ ಝೈಲಾನ್ ಇರುವ ಎಲ್ಲ ಮಾದರಿಗಳ ಮಾನ್ಯತೆ ಹೋಯಿತು. ನೂಲು ಬೇಗ ಹಾಳಾಗುತ್ತದೆ ಅಂತ ಗೊತ್ತಿದ್ದೂ ಮುಚ್ಚಿಟ್ಟರು ಅನ್ನುವ ಆರೋಪವನ್ನು ಬಗೆಹರಿಸಿಕೊಳ್ಳಲು ಟೊಯೊಬೊ 2018ರಲ್ಲಿ ಅಮೆರಿಕ ಸರ್ಕಾರಕ್ಕೆ 6.6 ಕೋಟಿ ಡಾಲರ್ ಕೊಡಲು ಒಪ್ಪಿತು. ಹದಿನೈದು ವರ್ಷ ಹಿಡಿಯಿತು ಇದಕ್ಕೆ.

ಇದರಿಂದ ಪರೀಕ್ಷೆಯ ವಿಧಾನವೇ ಬದಲಾಯಿತು. 2008ರ ಮಾನದಂಡ ಬಂದಾಗ ಮೆತ್ತನೆಯ ಜಾಕೆಟ್‌ಗಳನ್ನು 65 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 80 ತೇವಾಂಶದಲ್ಲಿ ಹತ್ತು ದಿನ, 72,000 ಸುತ್ತು ಡ್ರಮ್ಮಿನಲ್ಲಿ ಉರುಳಿಸಿ, ಆಮೇಲೆ ಗುಂಡು ಹೊಡೆಯುವ ನಿಯಮ ಬಂತು. ನೀರಿನಲ್ಲಿ ಮುಳುಗಿಸಿ ತೆಗೆದು ಹೊಡೆಯುವುದೂ ಸೇರಿತು. ಕೆವ್ಲಾರ್ ಒದ್ದೆಯಾದರೆ ನೂಲುಗಳು ಒಂದರ ಮೇಲೊಂದು ಜಾರಿ ಅದರ ತಡೆಯುವ ಶಕ್ತಿ ಕುಗ್ಗುತ್ತದೆ. ಹಾಗಾಗಿಯೇ ಒಳಗಿನ ಪ್ಯಾನೆಲ್‌ಗೆ ನೀರು ಹೋಗದ ಹೊದಿಕೆ ಇರುತ್ತದೆ. ಆ ಹೊದಿಕೆಯ ಹೊಲಿಗೆ ಬಿಟ್ಟಿದ್ದರೆ, ಅದನ್ನು ಸೂಜಿ ದಾರ ಹಿಡಿದು ರಿಪೇರಿ ಮಾಡಿದರೆ, ಅಲ್ಲಿಗೆ ಮುಗಿಯಿತು. ಹೊರಗಿನ ಕವರ್ ಒಗೆಯಬಹುದು, ಒಳಗಿನ ಪ್ಯಾನೆಲ್ ಮೆಷಿನ್‌ಗೆ ಹಾಕಬಾರದು. ಹ್ಯಾಂಗರ್‌ಗೆ ನೇತುಹಾಕಬಾರದು, ಮಡಿಸಿ ಮೂಲೆಗೆ ತುರುಕಬಾರದು. ಬಿಸಿಲಲ್ಲಿ ನಿಂತ ಜೀಪಿನ ಡಿಕ್ಕಿಯಲ್ಲಿ ಬಿಡಬಾರದು, ಪಾಲಿಎಥಿಲೀನ್‌ಗಂತೂ ಶಾಖ ಆಗುವುದೇ ಇಲ್ಲ. ಸೆರಾಮಿಕ್ ಪ್ಲೇಟನ್ನು ಕಾಂಕ್ರೀಟ್ ನೆಲದ ಮೇಲೆ ಧೊಪ್ಪನೆ ಹಾಕಿದರೆ ಒಳಗೆ ಬಿರುಕು ಬಿಡಬಹುದು, ಅದು ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಇದನ್ನೆಲ್ಲ ಸಿಬ್ಬಂದಿಗೆ ಹೇಳಿಕೊಟ್ಟವರು ಎಷ್ಟು ಜನ? ಜಾಕೆಟ್ ಜೊತೆ ಬರುವ ಸೂಚನೆಯ ಹಾಳೆ ಸಾಮಾನ್ಯವಾಗಿ ಸ್ಟೋರಿನ ಫೈಲಿನಲ್ಲೇ ಉಳಿಯುತ್ತದೆ.

ಮೆತ್ತನೆಯ ಜಾಕೆಟ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಐದು ವರ್ಷ ವಾರಂಟಿ ಕೊಡುತ್ತಾರೆ. ಐದು ವರ್ಷ ಒಂದು ದಿನ ಆದಾಗ ಜಾಕೆಟ್ ಸಾಯುವುದಿಲ್ಲ, ಚೆನ್ನಾಗಿಟ್ಟದ್ದು ಇನ್ನೂ ಬಾಳಬಹುದು. ಹಾಗೆಯೇ ಕೆಟ್ಟದಾಗಿ ಬಳಸಿದ್ದು ಮೂರೇ ವರ್ಷಕ್ಕೆ ಹೋಗಬಹುದು. ಒಂದೇ ಜಾಕೆಟ್ಟನ್ನು ಪಾಳಿ ಬದಲಾದಂತೆ ಮೂರು ಜನ ಹಾಕಿಕೊಳ್ಳುವ ಕಡೆ ಈ ಐದು ವರ್ಷದ ಲೆಕ್ಕಕ್ಕೆ ಏನು ಬೆಲೆ, ಹೇಳಿ.

ಹಾಕಿಕೊಳ್ಳದ ಜಾಕೆಟ್ ಯಾವ ಹಂತದ್ದಾದರೂ ಒಂದೇ. ಮುಂಡಕ್ಕೆ ಗುಂಡು ಬಿದ್ದ ಅಮೆರಿಕದ ಪೊಲೀಸರ ಪ್ರಕರಣಗಳನ್ನು ನೋಡಿದ 2010ರ ಒಂದು ಅಧ್ಯಯನದಲ್ಲಿ, ಜಾಕೆಟ್ ಇಲ್ಲದವರು ಸಾಯುವ ಸಾಧ್ಯತೆ 3.4 ಪಟ್ಟು ಹೆಚ್ಚು ಅಂತ ಕಂಡುಬಂತು. ಜಾಕೆಟ್ ಕೊಳ್ಳಲು ಸ್ಥಳೀಯ ಪೊಲೀಸರಿಗೆ ಕೇಂದ್ರದಿಂದ ಅರ್ಧ ಹಣ ಕೊಡುವ ಅಲ್ಲಿನ ಯೋಜನೆ 2011ರಿಂದ ಒಂದು ಷರತ್ತು ಹಾಕಿತು: ಕಡ್ಡಾಯವಾಗಿ ಹಾಕಿಕೊಳ್ಳಬೇಕು ಅನ್ನುವ ಲಿಖಿತ ನಿಯಮ ಇಲ್ಲದಿದ್ದರೆ ಹಣ ಇಲ್ಲ. ನಿಯಮ ಸರಿ. ಆದರೆ ಹತ್ತು ಕಿಲೋ ಹೊತ್ತು, ಸೆಕೆಯಲ್ಲಿ ಎಂಟು ತಾಸು ನಿಲ್ಲು ಅಂದರೆ ಯಾರಾದರೂ ಒಂದು ಹೊತ್ತಿನಲ್ಲಿ ಬಿಚ್ಚಿಯೇ ಬಿಚ್ಚುತ್ತಾರೆ. 1997ರಲ್ಲಿ ಲಂಡನ್‌ನಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಬಾಗಿಲು ಒಡೆಯುವ ಸಲಕರಣೆ ಹಿಡಿಯಲು ಜಾಕೆಟ್ ಅಡ್ಡಿಯಾಗುತ್ತದೆಂದು ಅದನ್ನು ತೆಗೆದಿಟ್ಟು ಒಳಗೆ ಹೋದರು, ಚಾಕು ಇರಿತದಿಂದ ಸತ್ತರು. ಕೊಳ್ಳುವವರು ಹಂತವನ್ನು ಮಾತ್ರ ನೋಡಿ, ಅದನ್ನು ಹಾಕಿಕೊಂಡು ಓಡಲು, ಬಾಗಲು, ಗಾಡಿಯಲ್ಲಿ ಕೂರಲು ಆಗುತ್ತದಾ ಅಂತ ನೋಡದಿದ್ದರೆ ಹೀಗೇ ಆಗುವುದು. ಮಹಿಳಾ ಸಿಬ್ಬಂದಿಯ ಕಥೆ ಇನ್ನೂ ಕಷ್ಟ. ಗಂಡಸರ ಅಳತೆಯ ಜಾಕೆಟ್ ಅವರ ಎದೆಯ ಮೇಲೆ ಸರಿಯಾಗಿ ಕೂರದೆ ಕಂಕುಳ ಹತ್ತಿರ ಬಾಯಿ ಬಿಡುತ್ತದೆ. ಅವರಿಗೆಂದು ಆಕಾರ ಕೊಟ್ಟ ಜಾಕೆಟ್ ಮಾಡಿದರೆ ಆ ಮಡಿಕೆ, ಹೊಲಿಗೆ ಇರುವ ಜಾಗದಲ್ಲಿ ತಡೆಯುವ ಶಕ್ತಿ ಕಡಿಮೆಯಾಗಬಹುದು. ಅದಕ್ಕೆ ತಕ್ಕ ಸುಧಾರಿತ ಪರೀಕ್ಷಾ ವಿಧಾನ ಎನ್‌ಐಜೆ ಮಾನದಂಡಕ್ಕೆ ಸೇರಿದ್ದು 2023ರಲ್ಲಿ.

ಅಂದ ಹಾಗೆ, ಚಾಕುವಿನ ವಿಷಯ. ಗುಂಡು ತಡೆಯುವ ಜಾಕೆಟ್ ಚಾಕುವನ್ನೂ ತಡೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ತಡೆಯಲೇಬೇಕು ಅಂತೇನಿಲ್ಲ. ಚೂಪು ಮೊನೆ ನೂಲುಗಳ ನಡುವೆ ತೂರಿಕೊಂಡು ಹೋಗುತ್ತದೆ. ಅದಕ್ಕೆ ಬೇರೆಯೇ ಮಾನದಂಡ, ಬೇರೆಯೇ ಪರೀಕ್ಷೆ ಇದೆ. ಗಲಭೆ ನಿಯಂತ್ರಣಕ್ಕೆ ಹೋಗುವವರಿಗೆ ಕಲ್ಲು, ದೊಣ್ಣೆ, ಚಾಕು ನಿಜವಾದ ಅಪಾಯವಾಗಿರುವಾಗ ರೈಫಲ್ ಪ್ಲೇಟ್ ಹೊರಿಸಿ ಕಳಿಸುವುದೂ ಒಂದು ಬಗೆಯ ತಪ್ಪು ಖರೀದಿಯೇ.

ಇನ್ನು ಟೆಂಡರ್. ಕಳಪೆ ಮಾಲು ಒಳಗೆ ಬರುವುದು ಬಹುಪಾಲು ಇಲ್ಲಿಂದ, ಮತ್ತು ಅದಕ್ಕೆ ಲಂಚವೇ ಬೇಕು ಅಂತಿಲ್ಲ. ಕಂಪನಿ ಕೊಡುವ ಸ್ಯಾಂಪಲ್ ಅತಿ ಜಾಗ್ರತೆಯಿಂದ ಮಾಡಿದ್ದಾಗಿರುತ್ತದೆ. ಅದು ಪಾಸಾಗುತ್ತದೆ. ಕಡಿಮೆ ದರ ಹೇಳಿದವರಿಗೆ ಆರ್ಡರ್ ಹೋಗುತ್ತದೆ. ಆಮೇಲೆ ಸಾವಿರಗಟ್ಟಲೆ ಮಾಡುವಾಗ ನೂಲು ಬೇರೆ ಕಡೆಯಿಂದ ಬರಬಹುದು, ಒಂದೆರಡು ಪದರ ಕಡಿಮೆಯಾಗಬಹುದು, ಸೆರಾಮಿಕ್ ಅಂಟಿಸುವ ಶಾಖ ಹೆಚ್ಚುಕಡಿಮೆಯಾಗಬಹುದು. ಬಂದ ಪ್ರತಿ ಲಾಟಿನಿಂದ ಕೊಳ್ಳುವವರೇ ಆರಿಸಿದ ಜಾಕೆಟ್‌ಗಳಿಗೆ ಗುಂಡು ಹೊಡೆಸದಿದ್ದರೆ ಇದು ಗೊತ್ತಾಗುವುದೇ ಇಲ್ಲ. ಇಲ್ಲಿ ಆರಿಸುವವರು ಯಾರು ಅನ್ನುವುದೇ ಮುಖ್ಯ, ಕಂಪನಿಯವರು ಆರಿಸಿ ಕಳಿಸಿದ್ದಕ್ಕೆ ಬೆಲೆಯಿಲ್ಲ. ಜಾಹೀರಾತಿನಲ್ಲಿ ಎನ್‌ಐಜೆ ಮಾನದಂಡದ ಪ್ರಕಾರ ಪರೀಕ್ಷಿಸಿದ್ದು ಅಂತ ಬರೆದಿರುವುದಕ್ಕೂ, ಎನ್‌ಐಜೆ ತನ್ನ ಮಾನ್ಯ ಪಟ್ಟಿಯಲ್ಲಿ ಆ ಮಾದರಿಯನ್ನು ಸೇರಿಸಿರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಯಾರು ಬೇಕಾದರೂ ಬರೆಯಬಹುದು. ಎರಡನೆಯದಕ್ಕೆ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪಾಸಾಗಬೇಕು, ಆಮೇಲೂ ಕಾರ್ಖಾನೆಗೆ ಆಗಾಗ ಬಂದು ಮಾಲು ತೆಗೆದುಕೊಂಡು ಹೋಗಿ ಮತ್ತೆ ಪರೀಕ್ಷಿಸುತ್ತಾರೆ.

ಅಗ್ಗ ಅಂತ ಬರೀ ಉಕ್ಕಿನ ಪ್ಲೇಟ್ ಕೊಳ್ಳುವ ಆಸೆಯೂ ಆಗಾಗ ಹುಟ್ಟುತ್ತದೆ. ಉಕ್ಕು ಗುಂಡನ್ನು ತಡೆಯಬಹುದು, ಬಾಳಿಕೆಯೂ ಜಾಸ್ತಿ. ಆದರೆ ಅದಕ್ಕೆ ಬಡಿದ ಗುಂಡು ಚೂರುಚೂರಾಗಿ ಪ್ಲೇಟಿನ ಮೇಲ್ಮೈಯುದ್ದಕ್ಕೂ ಸಿಡಿದು ಗಂಟಲಿಗೆ, ಗಲ್ಲಕ್ಕೆ, ತೋಳಿಗೆ ಹೊಡೆಯುತ್ತದೆ. ಚೂರು ಹಿಡಿಯುವ ಲೇಪನ ಇಲ್ಲದ ಉಕ್ಕಿನ ಪ್ಲೇಟ್ ಕೊಡುವುದು ಯಾವ ಇಲಾಖೆಗೂ ಶೋಭೆಯಲ್ಲ.

ನನ್ನನ್ನು ಕೇಳಿದರೆ ಹೊಸ ನೂಲು, ಹೊಸ ಸೆರಾಮಿಕ್‌ಗಿಂತ ಮೊದಲು ಬೇಕಾಗಿರುವುದು ಒಂದು ರಿಜಿಸ್ಟರ್. ಪ್ರತಿ ಜಾಕೆಟ್‌ನ ಸಂಖ್ಯೆ, ಲಾಟು, ತಯಾರಾದ ತಿಂಗಳು, ಹಂತ, ಯಾರ ಹೆಸರಲ್ಲಿದೆ, ಪ್ಲೇಟ್ ಯಾವಾಗ ಎಕ್ಸ್‌ರೇ ಆಯಿತು. ಆಮೇಲೆ ಪ್ರತಿ ವರ್ಷ ಬಳಕೆಯಲ್ಲಿರುವ ಜಾಕೆಟ್‌ಗಳಿಂದಲೇ ಕೆಲವನ್ನು ಎತ್ತಿ ಗುಂಡು ಹೊಡೆಸಬೇಕು. ಅಮೆರಿಕದಲ್ಲಿ ಝೈಲಾನ್ ಸಿಕ್ಕಿಬಿದ್ದದ್ದು ಹೀಗೆಯೇ, ಆದರೆ ಒಬ್ಬರು ಸತ್ತ ಮೇಲೆ. ಇಲ್ಲಿರುವ ತೊಡಕು ತಾಂತ್ರಿಕವಲ್ಲ, ಲೆಕ್ಕಪತ್ರದ್ದು. ಪರೀಕ್ಷೆ ಮಾಡಿದ ಜಾಕೆಟ್ ಹಾಳಾಗುತ್ತದೆ. ಚೆನ್ನಾಗಿದ್ದ ಸರ್ಕಾರಿ ವಸ್ತುವನ್ನು ಯಾಕೆ ಹಾಳು ಮಾಡಿದಿರಿ ಅಂತ ಆಡಿಟ್‌ನವರು ಕೇಳಿದರೆ ಉತ್ತರ ಕೊಡುವ ಧೈರ್ಯ ಯಾವ ಅಧಿಕಾರಿಗೂ ಇರುವುದಿಲ್ಲ. ಹಾಗಾಗಿ ಸಾವಿರ ಜಾಕೆಟ್ ಬೇಕಿದ್ದರೆ ಟೆಂಡರಿನಲ್ಲೇ ಪರೀಕ್ಷೆಗೆಂದು ಇಷ್ಟು ಹೆಚ್ಚುವರಿ ಜಾಕೆಟ್ ಅಂತ ಬರೆದು, ಅದಕ್ಕೂ ಹಣ ಮಂಜೂರು ಮಾಡಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಸೋತ ಲಾಟಿನ ಅಷ್ಟೂ ಜಾಕೆಟ್ಟನ್ನು ಕಂಪನಿ ತನ್ನ ಖರ್ಚಿನಲ್ಲಿ ಬದಲಾಯಿಸಿಕೊಡಬೇಕು ಅನ್ನುವ ಷರತ್ತೂ ಅದೇ ಕಾಗದದಲ್ಲಿ ಇರಬೇಕು, ವಾರಂಟಿ ಮುಗಿಯುವ ದಿನದವರೆಗೆ.